ಇಪ್ಪತ್ತು ದಿನ, ಒಂದು ಕಪ್ಪು ಗುಳ್ಳೆ

ಐದನೆಯ ದಿನದ ಚಿತ್ರದಲ್ಲೂ ಆ ಕಪ್ಪು ಗುಳ್ಳೆ ಇತ್ತು.

ಸ್ಟುಟ್‌ಗಾರ್ಟ್‌ನ ಒಂದು ಜರ್ಮನ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಾನು ರೇಡಿಯೇಷನ್ ಯಂತ್ರ ನಡೆಸುವ ಟೆಕ್ನಿಷಿಯನ್. ರೋಗಿಯನ್ನು ಮೇಜಿನ ಮೇಲೆ ಮಲಗಿಸಿ, ಮೊಣಕಾಲಿನ ಕೆಳಗೆ ಫೋಮಿನ ಆಸರೆ ಇಟ್ಟು, ಚರ್ಮದ ಮೇಲಿನ ಗುರುತುಗಳಿಗೆ ಹಸಿರು ಲೇಸರ್ ಗೆರೆಗಳನ್ನು ಹೊಂದಿಸಿ, ಹೊರಗೆ ಬಂದು ದಪ್ಪ ಬಾಗಿಲು ಮುಚ್ಚುತ್ತೇವೆ. ವಿಕಿರಣ ಹಾಯಿಸುವ ಮೊದಲು ಯಂತ್ರ ರೋಗಿಯ ಸುತ್ತ ಒಮ್ಮೆ ತಿರುಗಿ ಒಳಗಿನ ಚಿತ್ರ ತೆಗೆಯುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನವರ ಚಿತ್ರದಲ್ಲಿ ಮೇಲೆ ಮೂತ್ರಕೋಶ, ಅದರ ಕೆಳಗೆ ಪ್ರಾಸ್ಟೇಟ್ ಗ್ರಂಥಿ, ಅದಕ್ಕೆ ಬೆನ್ನು ಕೊಟ್ಟಂತೆ ಗುದನಾಳ. ಮೂತ್ರಕೋಶ ತುಂಬಿರಬೇಕು, ಗುದನಾಳ ಖಾಲಿ ಇರಬೇಕು. ಆಗ ಪ್ರಾಸ್ಟೇಟ್ ತನ್ನ ಜಾಗದಲ್ಲಿ ನಿಲ್ಲುತ್ತದೆ, ವಿಕಿರಣ ಅದಕ್ಕಷ್ಟೇ ಬೀಳುತ್ತದೆ.

ಗುದನಾಳದಲ್ಲಿ ಗಾಳಿ ತುಂಬಿದ್ದರೆ ಚಿತ್ರದಲ್ಲಿ ಅದು ಕಪ್ಪಾಗಿ ಕಾಣುತ್ತದೆ. ಗಾಳಿ ನಾಳವನ್ನು ಬಲೂನಿನಂತೆ ಊದಿಸಿ ಪ್ರಾಸ್ಟೇಟನ್ನು ಮುಂದಕ್ಕೆ ತಳ್ಳುತ್ತದೆ. ಜೊತೆಗೆ ನಾಳದ ಮುಂಗೋಡೆಯೇ ವಿಕಿರಣದ ದಾರಿಗೆ ಬಂದು ನಿಲ್ಲುತ್ತದೆ. ಒಂದು ದಿನ ಹೀಗಾದರೆ ದೊಡ್ಡ ವಿಷಯವಲ್ಲ. ದಿನಾ ಹೀಗಾದರೆ ಕ್ಯಾನ್ಸರ್ ಹೋಗಬಹುದು, ಕರುಳಿನ ಗಾಯ ಉಳಿಯುತ್ತದೆ.

ಆ ಗುಳ್ಳೆ ಅರವತ್ತಮೂರು ವರ್ಷದ ಒಬ್ಬ ಮೈಸೂರಿನವರದು. ಇಲ್ಲಿನ ಫೊಯರ್‌ಬಾಕ್ ಬಡಾವಣೆಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ಬಿಡಿಭಾಗಗಳ ಅಳತೆ ಪರೀಕ್ಷಿಸುವ ಎಂಜಿನಿಯರ್. ಅಳೆಯದೆ ಯಾವುದನ್ನೂ ನಂಬದ ಮನುಷ್ಯ. ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನ ನನ್ನ ಎದೆಯ ಮೇಲಿದ್ದ ಹೆಸರು ಓದಿ ಕೇಳಿದರು, "ಕನ್ನಡದವರಾ?"

"ಹೌದು ಸರ್. ದಾವಣಗೆರೆ."

"ಅಯ್ಯೋ, ಕೆಟ್ಟೆ! ಜರ್ಮನ್ನರ ಮುಂದೆ ಹೆಂಗೋ ಪ್ಯಾಂಟ್ ಬಿಚ್ಚಬೋದು ಅಂದ್ಕೊಂಡಿದ್ದೆ. ಈಗೇನಮ್ಮ ಮಾಡೋದು?"

"ಕಣ್ಣು ಮುಚ್ಕೋತೀನಿ ಸರ್."

"ಮುಚ್ಕೊಂಡ್ರೆ ಗುರಿ ತಪ್ಪುತ್ತೆ. ಬೇಡ, ತೆರ್ಕೊಂಡೇ ಇರು."

ಅವರ ಪ್ರಾಸ್ಟೇಟಿನೊಳಗೆ ಗುರುತಿಗಾಗಿ ಮೂರು ಸಣ್ಣ ಚಿನ್ನದ ಕಾಳುಗಳನ್ನು ಇಟ್ಟಿದ್ದರು. ಚಿತ್ರದಲ್ಲಿ ಆ ಮೂರೂ ಹೊಳೆಯುತ್ತವೆ, ನಾವು ಅವುಗಳನ್ನು ನೋಡಿಕೊಂಡೇ ಮೇಜನ್ನು ಮಿಲಿಮೀಟರ್ ಲೆಕ್ಕದಲ್ಲಿ ಸರಿಸುತ್ತೇವೆ. ಅದಕ್ಕೂ ಅವರ ಬಳಿ ಮಾತಿತ್ತು. "ಹೆಂಡ್ತಿಗೆ ಚಿನ್ನ ತಂದ್ಕೊಡ್ಲಿಲ್ಲ ಅಂತ ಇಷ್ಟು ವರ್ಷ ಬೈಸ್ಕೊಂಡೆ. ಈಗ ನೋಡು, ತಂದಿದೀನಿ, ತೋರ್ಸಕ್ಕಾಗಲ್ಲ."

ನಾನು ನಕ್ಕೆ. ಆ ದಿನಗಳಲ್ಲಿ ನಕ್ಕದ್ದು ಕಡಿಮೆ. ಅಣ್ಣನ ಕಾರ್ಯ ಮುಗಿಸಿ ಊರಿನಿಂದ ಬಂದು ಮೂರೇ ವಾರವಾಗಿತ್ತು.

ಅಣ್ಣ ಸರ್ಕಾರಿ ಬಸ್ಸಿನ ಕಂಡಕ್ಟರ್. ಅವನಿಗೂ ಇದೇ ಕಾಯಿಲೆ, ಇದೇ ಚಿಕಿತ್ಸೆ. ಕ್ಯಾನ್ಸರ್ ಹೋಯಿತು. ಎಂಟು ತಿಂಗಳ ಮೇಲೆ ಮಲದಲ್ಲಿ ರಕ್ತ ಬರಲು ಶುರುವಾಯಿತು. ಅವಸರವಾದರೆ ಐದು ನಿಮಿಷವೂ ತಡೆಯಲಾಗುತ್ತಿರಲಿಲ್ಲ. ರೂಟ್ ಬಿಟ್ಟು ಡಿಪೋದಲ್ಲಿ ಕೂತ. ಆಮೇಲೆ ಮದುವೆ, ಗೃಹಪ್ರವೇಶಗಳಿಗೆ ಹೋಗುವುದನ್ನು ಬಿಟ್ಟ. ಒಮ್ಮೆ ಫೋನಿನಲ್ಲಿ ಕೇಳಿದ್ದ, "ನೀನು ಅದೇ ಕೆಲ್ಸದಾಗೆ ಇದೀಯಲ್ಲ ಪುಟ್ಟಿ, ಇದು ಹೋಗುತ್ತಾ?" ನಾನು, "ಹೋಗುತ್ತೆ ಅಣ್ಣ, ಟೈಮ್ ಬೇಕು," ಅಂದೆ. ಕೌಂಟರಿನಲ್ಲಿ ಕೂತವರು ಹೇಳುವಂಥ ಉತ್ತರ. ಅವನು ತೀರಿಕೊಂಡದ್ದು ಹೃದಯಾಘಾತದಿಂದ. ಆದರೆ ಕೊನೆಯ ಮೂರು ವರ್ಷ ಬಚ್ಚಲುಮನೆಯಿಂದ ಇಪ್ಪತ್ತು ಹೆಜ್ಜೆ ಆಚೆ ಹೋಗದೆ ಬದುಕಿದ್ದ. ನಾನು ಅವನನ್ನು ಒಂದು ಪ್ರಶ್ನೆಯನ್ನೂ ಸರಿಯಾಗಿ ಕೇಳಿರಲಿಲ್ಲ.

ಮೈಸೂರಿನವರಿಗೆ ಒಟ್ಟು ಇಪ್ಪತ್ತು ದಿನದ ಚಿಕಿತ್ಸೆ, ಸೋಮವಾರದಿಂದ ಶುಕ್ರವಾರ, ನಾಲ್ಕು ವಾರ. ಮೊದಲ ವಾರದಲ್ಲೇ ಮೂರು ದಿನ ಗುಳ್ಳೆ ಕಾಣಿಸಿತು. ನಮ್ಮಲ್ಲಿ ನಿಯಮವಿದೆ. ಗುದನಾಳ ಇಂತಿಷ್ಟಕ್ಕಿಂತ ಅಗಲವಾಗಿದ್ದರೆ ವಿಕಿರಣ ಕೊಡುವಂತಿಲ್ಲ. ರೋಗಿಯನ್ನು ಎಬ್ಬಿಸಿ, ಕಾರಿಡಾರಿನಲ್ಲಿ ಓಡಾಡಿಸಿ, ಟಾಯ್ಲೆಟ್‌ಗೆ ಕಳಿಸಿ, ಮತ್ತೆ ಮಲಗಿಸಿ, ಮತ್ತೆ ಚಿತ್ರ. ಅಷ್ಟರಲ್ಲಿ ಅವರ ಮೂತ್ರಕೋಶ ತುಂಬಿ ತುಳುಕುತ್ತಿರುತ್ತದೆ. ಹದಿನೈದು ನಿಮಿಷದ ಕೆಲಸ ನಲವತ್ತಕ್ಕೆ ಹೋಗುತ್ತದೆ. ಗಾಳಿ ಪೂರ್ತಿ ಹೋಗದೆ, ನಿಯಮದ ಅಂಚಿನಲ್ಲೇ ಚಿಕಿತ್ಸೆ ಕೊಟ್ಟದ್ದೂ ಎರಡು ಸಲ ಆಯಿತು.

ನನ್ನ ಜೊತೆಯ ಟೆಕ್ನಿಷಿಯನ್ ಸ್ಟುಟ್‌ಗಾರ್ಟ್‌ನಲ್ಲೇ ಹುಟ್ಟಿ ಬೆಳೆದವನು. ಅವನ ಮೊದಲ ಅನುಮಾನ ಸ್ಪ್ರೂಡೆಲ್ ಮೇಲೆ. ಇಲ್ಲಿ ನೀರು ಅಂದರೆ ಹೆಚ್ಚಿನವರಿಗೆ ಗುಳ್ಳೆ ನೀರೇ. ಕೇಳಿದೆ.

"ಆ ಸೋಡಾನಾ? ಮೂವತ್ತು ವರ್ಷ ಆಯ್ತು ಈ ದೇಶಕ್ಕೆ ಬಂದು, ಒಂದು ತೊಟ್ಟು ಮುಟ್ಟಿಲ್ಲ. ಅದನ್ನ ನೀರು ಅಂತಾರೇನಮ್ಮ ಯಾರಾದ್ರೂ?"

ಎರಡನೆಯ ಅನುಮಾನ ನನ್ನದು. ಬೇಳೆ, ಕಾಳು. ನಮ್ಮ ಆಹಾರದ ಹಾಳೆ ಇಲ್ಲಿನವರಿಗಾಗಿ ಬರೆದದ್ದು. ಕೋಸು ಬೇಡ, ಬಿಯರ್ ಬೇಡ ಎಂದು ಅದರಲ್ಲಿದೆ. ಹುರುಳಿ, ಅವರೆ, ಹೆಸರುಕಾಳಿನ ಉಸಲಿ ಅದರಲ್ಲಿಲ್ಲ. ಕನ್ನಡದಲ್ಲಿ ಬೇರೆ ಪಟ್ಟಿ ಬರೆದುಕೊಟ್ಟೆ. ಅವರು ಅದನ್ನು ಕಾರ್ಖಾನೆಯ ಕ್ರಮದಲ್ಲೇ ಪಾಲಿಸಿದರು. ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ, ಬೆಳಿಗ್ಗೆ ಇಷ್ಟು ಗ್ರಾಂ ಅನ್ನ, ಇಷ್ಟು ಗ್ರಾಂ ಮಜ್ಜಿಗೆ ಎಂದು ಬರೆದು ತಂದರು. "ಬೇಳೆ, ಈರುಳ್ಳಿ ಇಲ್ದೆ ಹುಳಿ ತಿಂದಿದೀನಮ್ಮ ನಾಲ್ಕು ದಿನ. ಇನ್ನೇನು ಸನ್ಯಾಸ ತಗೋಬೇಕಾ?"

ಎರಡನೆಯ ವಾರದ ಸೋಮವಾರ ಗುಳ್ಳೆ ಹಾಗೇ ಇತ್ತು. ಮಂಗಳವಾರ ಮೂತ್ರಕೋಶ ಸ್ವಲ್ಪ ಚಿಕ್ಕದಾಗಿ ಕಂಡಿತು. ನೀರು ಕಡಿಮೆಯಾದರೆ ಮಲಬದ್ಧತೆ ಆಗುತ್ತದೆ, ಅದರಿಂದ ಗಾಳಿ ಹೆಚ್ಚುತ್ತದೆ ಎಂದು ಯೋಚಿಸಿ, ದಿನವಿಡೀ ಇನ್ನೂ ಹೆಚ್ಚು ನೀರು ಕುಡಿಯಲು ನಾನೇ ಹೇಳಿದೆ. ಬುಧವಾರದ ಗುಳ್ಳೆ ಎಲ್ಲಕ್ಕಿಂತ ದೊಡ್ಡದು. ಅಂದು ಒಂದು ತೆಳ್ಳನೆಯ ನಳಿಕೆ ಹಾಕಿ ಗಾಳಿ ತೆಗೆದೆವು. ಅವರು ಗೋಡೆಯ ಕಡೆ ತಿರುಗಿಕೊಂಡು ಮಲಗಿದ್ದರು. ಬಟ್ಟೆ ಹಾಕಿಕೊಂಡು ಹೋಗುವಾಗ ಕೇಳಿದರು, "ನಾಳೇನೂ ಇದೇನಾ?" ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಗುರುವಾರ ಬೆಳಗಿನ ಸಭೆಯಲ್ಲಿ ಡಾಕ್ಟರ್ ವಿಷಯ ಎತ್ತಿದರು. ಐವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ, ತೀರ್ಮಾನ ಬೇಗ. ದಿನಾ ನಳಿಕೆ ಹಾಕುವುದು ಸರಿಯಲ್ಲ. ಪ್ರಾಸ್ಟೇಟಿಗೂ ಗುದನಾಳಕ್ಕೂ ನಡುವೆ ಅಂತರಕ್ಕಾಗಿ ಜೆಲ್ ತುಂಬಬಹುದಿತ್ತು, ಆದರೆ ಅದನ್ನು ಚಿಕಿತ್ಸೆ ಶುರುವಾಗುವ ಮೊದಲೇ ಮಾಡಬೇಕಿತ್ತು. ಉಳಿದದ್ದು ಒಂದೇ. ಗುರಿಯ ಸುತ್ತಲಿನ ಅಂಚನ್ನು ಕೆಲವು ಮಿಲಿಮೀಟರ್ ಹಿಗ್ಗಿಸಿ ಹೊಸ ಯೋಜನೆ ಮಾಡುವುದು. ಪ್ರಾಸ್ಟೇಟ್ ಅತ್ತಿತ್ತ ಸರಿದರೂ ವಿಕಿರಣ ತಪ್ಪುವುದಿಲ್ಲ. ಆದರೆ ಹಿಗ್ಗಿದ ಆ ಅಂಚಿನ ಹಿಂಭಾಗ ಗುದನಾಳದ ಗೋಡೆಯ ಮೇಲೆ ಬೀಳುತ್ತದೆ.

"ಕ್ಯಾನ್ಸರನ್ನು ಬಿಡುವಂತಿಲ್ಲ," ಎಂದರು ಡಾಕ್ಟರ್. "ಸೋಮವಾರದಿಂದ ಹೊಸ ಯೋಜನೆ."

ಅದು ತಪ್ಪು ತೀರ್ಮಾನವಲ್ಲ. ಸಭೆಯಲ್ಲಿ ನಾನು ಮಾತಾಡುವವಳೂ ಅಲ್ಲ. ಕೆಳಗೆ ಬಂದು ಕೈ ತೊಳೆದುಕೊಳ್ಳುವಾಗ ಮಾತ್ರ ನಲ್ಲಿ ನಿಲ್ಲಿಸುವುದನ್ನು ಮರೆತು ನಿಂತಿದ್ದೆ.

ಅವತ್ತೇ ಹನ್ನೊಂದರ ಹೊತ್ತಿಗೆ ಯಂತ್ರ ನಿಂತಿತು. ಯಾವುದೋ ಸುರಕ್ಷಾ ಸ್ವಿಚ್ಚಿನ ತಕರಾರು, ಸರಿಯಾಗಲು ಅರ್ಧ ಗಂಟೆ ಬೇಕು. ಕಾಯುತ್ತಿರುವವರಿಗೆ ಯಾರಾದರೂ ಹೇಳಬೇಕಿತ್ತು. ನಾವು ಟೆಕ್ನಿಷಿಯನ್ನರು ಕಾಯುವ ಕೋಣೆಗೆ ಹೋಗುವುದೇ ಇಲ್ಲ. ಮೈಕಿನಲ್ಲಿ ಕರೆಯುತ್ತೇವೆ, ರೋಗಿ ಬರುತ್ತಾರೆ. ಅಂದು ನಾನು ಹೋದೆ.

ಕಿಟಕಿ ಪಕ್ಕದ ಕುರ್ಚಿಯಲ್ಲಿ ಮೈಸೂರಿನವರು ಕೂತಿದ್ದರು. ನೀರು ಕುಡಿಯುವ ಸಮಯ. ಅರ್ಧ ಲೀಟರಿನ ಬಾಟಲಿಯನ್ನು ಮುಖದ ಮೇಲೆ ಒಂದು ಗೇಣು ಎತ್ತಿ, ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ಧಾರೆ ಕಟ್ಟಿ ಸುರಿದುಕೊಳ್ಳುತ್ತಿದ್ದರು. ಒಂದು ಹನಿಯೂ ಅಂಗಿಗೆ ಬೀಳಲಿಲ್ಲ. ಎದುರಿಗೆ ಕೂತಿದ್ದ ಜರ್ಮನ್ ಅಜ್ಜ ಪತ್ರಿಕೆ ಕೆಳಗಿಟ್ಟು, ಸರ್ಕಸ್ ನೋಡುವವನಂತೆ ನೋಡುತ್ತಿದ್ದ. ಗಂಟಲು ಗಳಕ್ ಗಳಕ್ ಎನ್ನುವ ಸದ್ದು ಬಾಗಿಲವರೆಗೆ ಕೇಳುತ್ತಿತ್ತು.

ಆ ಸದ್ದು ಕೇಳಿ ನಾನು ನಿಂತೆ. ಅದು ನೀರಿನ ಸದ್ದಷ್ಟೇ ಅಲ್ಲ. ಪ್ರತಿ ಗುಟುಕಿನ ಜೊತೆ ಒಂದು ಗುಟುಕು ಗಾಳಿ ಒಳಗೆ ಹೋಗುವ ಸದ್ದು.

"ಸರ್, ಮನೇಲೂ ಹೀಗೇ ಕುಡೀತೀರಾ?"

"ಮತ್ತಿನ್ನೆಂಗೆ? ಎಂಜಲು ಮಾಡ್ಕೊಂಡು ಕುಡಿಯಕ್ಕಾಗುತ್ತಾ? ನಮ್ಮಮ್ಮ ಬೆನ್ನಿಗೆ ಬಾರಿಸಿ ಕಲಿಸಿರೋದು. ಮನೇಲಿ ಚೊಂಬು, ಆಫೀಸಲ್ಲಿ ಬಾಟ್ಲು."

"ದಿನಕ್ಕೆ ಎಷ್ಟಾಗುತ್ತೆ?"

ನೋಟ್‌ಬುಕ್ ತೆಗೆದರು. "ಮೊದ್ಲು ಒಂದೂವರೆ ಲೀಟರ್. ಟ್ರೀಟ್ಮೆಂಟ್ ಶುರುವಾದಾಗ ನೀವೆಲ್ಲ ಜಾಸ್ತಿ ಕುಡೀರಿ ಅಂದ್ಮೇಲೆ ಎರಡೂವರೆ. ಮೊನ್ನೆ ನೀನು ಇನ್ನೂ ಜಾಸ್ತಿ ಅಂದ್ಯಲ್ಲ, ಆವತ್ತಿಂದ ಮೂರೂವರೆ. ಬೇಕಾದ್ರೆ ನೋಡು, ಎಲ್ಲಾ ಬರ್ದಿದೀನಿ."

ಎಲ್ಲವನ್ನೂ ಬರೆದಿದ್ದರು. ಅನ್ನ, ಮಜ್ಜಿಗೆ, ನೀರು. ಗಾಳಿಯ ಕಾಲಂ ಮಾತ್ರ ಇರಲಿಲ್ಲ. ನಾವು ಹೆಚ್ಚು ನೀರು ಕುಡಿಸಿದಷ್ಟೂ ಹೆಚ್ಚು ಗಾಳಿ ಕುಡಿಸಿದ್ದೆವು. ಬುಧವಾರದ ದೊಡ್ಡ ಗುಳ್ಳೆ ನಾನೇ ಹೇಳಿ ಮಾಡಿಸಿದ್ದು.

ಖಚಿತವಾಗಿ ಗೊತ್ತಿರಲಿಲ್ಲ. ನುಂಗಿದ ಗಾಳಿಯೆಲ್ಲ ಕೆಳಗೆ ಹೋಗುವುದಿಲ್ಲ, ಬಹುಪಾಲು ತೇಗಾಗಿ ಮೇಲೆ ಬರುತ್ತದೆ. ನಾನು ಡಿಪ್ಲೊಮಾ ಓದಿದವಳು. ಡಾಕ್ಟರ್ ಬರೆಸಿದ ತೀರ್ಮಾನವನ್ನು ತಡೆಯಿರಿ ಎನ್ನುವುದು ನನ್ನ ಕೆಲಸವಲ್ಲ. ಆದರೂ ಮೆಟ್ಟಿಲು ಹತ್ತಿ ಅವರ ಕೋಣೆಗೆ ಹೋದೆ. ಬಾಗಿಲು ತಟ್ಟುವ ಮೊದಲು ಹಿಂದೆ ತಿರುಗಬೇಕೆನಿಸಿತು. ತಟ್ಟಿದೆ.

ವಿವರಿಸಿದೆ. ಅವರಿಗೆ ಅರ್ಥವಾಗಲಿಲ್ಲ. "ಬಾಯಿಗೆ ಯಾಕೆ ತಾಗಿಸುವುದಿಲ್ಲ? ಬಾಟಲಿ ಅವರದೇ ಅಲ್ಲವೇ?"

ಎಂಜಲು ಏನೆಂದು ಜರ್ಮನ್ ಭಾಷೆಯಲ್ಲಿ ಹೇಳಲು ಹೊರಟು, ಎರಡು ವಾಕ್ಯಕ್ಕೆ ಸೋತು, ಮೇಜಿನ ಮೇಲಿದ್ದ ನೀರಿನ ಬಾಟಲಿ ಎತ್ತಿ, ತಲೆ ಹಿಂದಕ್ಕೆ ಹಾಕಿ ಕುಡಿದು ತೋರಿಸಿದೆ. ಇಲ್ಲಿಗೆ ಬಂದ ಮೇಲೆ ಅಭ್ಯಾಸ ತಪ್ಪಿತ್ತು. ಅರ್ಧ ನೀರು ಕುತ್ತಿಗೆಯೊಳಗೆ ಇಳಿಯಿತು. ಡಾಕ್ಟರ್ ಜೋರಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇನ್ನೊಮ್ಮೆ," ಎಂದರು. ಈ ಸಲ ಅವರು ನನ್ನ ಬಾಯಿ ನೋಡಲಿಲ್ಲ, ಗಂಟಲು ನೋಡಿದರು. ನನಗೊಂದು ದೊಡ್ಡ ತೇಗು ಬಂತು. ನಾಚಿಕೆಯಿಂದ ಕೈ ಅಡ್ಡ ಹಿಡಿದೆ.

"ಇದೇ ಕಾರಣ ಎಂದು ನಾನು ಹೇಳಲಾರೆ," ಎಂದರು ಅವರು, ಟಿಶ್ಯೂ ಚಾಚುತ್ತ. "ಅಲ್ಲ ಎಂದೂ ಹೇಳಲಾರೆ. ಹೊಸ ಯೋಜನೆ ತಯಾರಾಗುತ್ತಿರಲಿ. ಸೋಮವಾರದ ಚಿತ್ರ ನೋಡೋಣ. ಗುಳ್ಳೆ ಹಾಗೇ ಇದ್ದರೆ ಹೊಸ ಯೋಜನೆ ಜಾರಿ. ಅಲ್ಲಿಯವರೆಗೆ ನಿನ್ನ ಸಮಯ."

ಅಂದರೆ ಒಂದು ಶುಕ್ರವಾರ ಮತ್ತು ಒಂದು ವಾರಾಂತ್ಯ.

ಅಂದೇ ಮೈಸೂರಿನವರಿಗೆ ಲೋಟ ಕೊಟ್ಟು ಬಾಯಿಗಿಟ್ಟು ಕುಡಿಯಲು ಹೇಳಿದೆ. ಎರಡು ಗುಟುಕಿಗೆ ಕೆಮ್ಮಿದರು. ಮೂರನೆಯದಕ್ಕೆ ಕೈ ತಾನಾಗಿ ಮೇಲೆ ಹೋಯಿತು. "ಬರಲ್ಲಮ್ಮ. ಅರವತ್ತು ವರ್ಷದ ಕೈ ಇದು, ನನ್ನ ಮಾತು ಕೇಳಲ್ಲ." ಮನೆಯಲ್ಲಿ ಹಗಲು ನೆನಪಿಟ್ಟುಕೊಂಡರೂ, ಬಾಯಾರಿದಾಗ ಚೊಂಬೇ ಕೈಗೆ ಬರುತ್ತಿತ್ತಂತೆ. ಶುಕ್ರವಾರದ ಗುಳ್ಳೆ ಕಡಿಮೆಯಾಗಿರಲಿಲ್ಲ. ಓಡಾಡಿಸಿ, ಕಾದು, ಎರಡು ಸಲ ಚಿತ್ರ ತೆಗೆದು ಚಿಕಿತ್ಸೆ ಕೊಟ್ಟೆವು.

ಅವರು ಶೂ ಹಾಕಿಕೊಳ್ಳುತ್ತಿದ್ದಾಗ ನಾನು ಕೇಳಿದೆ, "ಸರ್, ಕಾಫೀನೂ ಎತ್ತೇ ಕುಡೀತೀರಾ?"

"ಹುಚ್ಚಾ ನಿಂಗೆ? ಗಂಟ್ಲು ಸುಟ್ಟೋಗಲ್ವಾ?"

ಹೇಳಿದ್ದನ್ನು ಅವರೇ ಕೇಳಿಸಿಕೊಂಡರು. ಶೂ ಲೇಸ್ ಕೈಯಲ್ಲೇ ಉಳಿಯಿತು.

"ಬಿಸಿನೀರು," ಎಂದರು.

"ಬಿಸಿನೀರು ಸರ್. ಮುಟ್ಟಿದ್ರೆ ಚುರುಕ್ ಅನ್ನಬೇಕು, ಸುಡಬಾರ್ದು. ಹಿಡಿ ಇರೋ ಕಪ್ಪಲ್ಲಿ. ಕಾಫಿ ಅಂದ್ಕೊಂಡು ಗುಟುಕು ಗುಟುಕಾಗಿ."

ಒಂದು ಹಾಳೆಯ ಮೇಲೆ ಬರೆದುಕೊಟ್ಟೆ. ತಣ್ಣೀರು ಪೂರ್ತಿ ಬಂದ್. ಫ್ಲಾಸ್ಕಿನಿಂದ ಬಿಸಿನೀರು ಮಾತ್ರ, ಮೊದಲಿನ ಒಂದೂವರೆ ಲೀಟರೇ ಸಾಕು. ಕುಡಿಯುವಾಗ, ತಿನ್ನುವಾಗ ಮಾತಾಡಬಾರದು. ಆ ಕೊನೆಯ ಸಾಲು ಓದಿ ಅವರು ತಲೆ ಅಲ್ಲಾಡಿಸಿದರು. "ಇದನ್ನ ನೋಡಿ ನನ್ನ ಹೆಂಡ್ತಿ ನಿಂಗೆ ಸೀರೆ ಉಡುಗೊರೆ ಕೊಡ್ತಾಳೆ."

ಆ ವಾರಾಂತ್ಯ ನಾನು ಏನು ಮಾಡಿದೆ ಎಂದು ನೆನಪಿಲ್ಲ. ಅಣ್ಣನ ಬಗ್ಗೆ ಯೋಚಿಸಿದ್ದು ನೆನಪಿದೆ. ಅವನೂ ನೀರು ಎತ್ತಿಯೇ ಕುಡಿಯುತ್ತಿದ್ದ, ನಮ್ಮ ಮನೆಯಲ್ಲಿ ಎಲ್ಲರೂ ಹಾಗೆಯೇ. ಅದರಿಂದ ಅವನಿಗೆ ಹಾಗಾಯಿತು ಎಂದು ನಾನು ಹೇಳುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳಿದರೆ ಅವನು ಹಿಂದಿರುಗುವುದಿಲ್ಲ. ನಾನು ಅವನನ್ನು ಏನೂ ಕೇಳದೇ ಇದ್ದದ್ದು ನಿಜ. ಅಷ್ಟನ್ನು ಒಪ್ಪಿಕೊಂಡ ಮೇಲೆ ಭಾನುವಾರ ನಿದ್ದೆ ಬಂತು.

ಸೋಮವಾರ ಡಾಕ್ಟರ್ ತಾವೇ ಕೆಳಗೆ ಬಂದು ನಮ್ಮ ಪರದೆಯ ಹಿಂದೆ ನಿಂತರು. ಹೊಸ ಯೋಜನೆ ಕಂಪ್ಯೂಟರಿನಲ್ಲಿ ಸಿದ್ಧವಾಗಿತ್ತು, ಒಂದು ಗುಂಡಿ ಒತ್ತಿದರೆ ಸಾಕು. ನಾನು ಮೈಸೂರಿನವರನ್ನು ಮಲಗಿಸಿದೆ. ಬಾಗಿಲು ಮುಚ್ಚಿತು, ಯಂತ್ರ ಸುತ್ತಿತು. ಚಿತ್ರ ಬರಲು ಒಂದು ನಿಮಿಷ ಹಿಡಿಯುತ್ತದೆ.

ಗುಳ್ಳೆ ಇತ್ತು, ಕಡಲೆಕಾಳಿನಷ್ಟು.

ನನ್ನ ಜೊತೆಗಾರ ಅಳೆದ. ಮಿತಿಯೊಳಗೆ. ಮತ್ತೊಮ್ಮೆ ಅಳೆದ. ಮೂರು ಚಿನ್ನದ ಕಾಳುಗಳು ಯೋಜನೆಯ ಗುರುತುಗಳ ಮೇಲೆ ಸರಿಯಾಗಿ ಕೂತಿದ್ದವು. ಮೇಜನ್ನು ಒಂದು ಮಿಲಿಮೀಟರ್ ಮಾತ್ರ ಸರಿಸಬೇಕಾಯಿತು. ಡಾಕ್ಟರ್ ಕುರ್ಚಿ ಎಳೆದುಕೊಂಡು ಕೂತು, "ಹಳೆಯ ಯೋಜನೆಯೇ ಇರಲಿ," ಎಂದರು. ಎರಡು ನಿಮಿಷದಲ್ಲಿ ಚಿಕಿತ್ಸೆ ಮುಗಿಯಿತು.

ಒಳಗೆ ಹೋಗಿ ಹೇಳಿದೆ. ಅವರು ಮಲಗಿದಲ್ಲಿಂದಲೇ ಕೇಳಿದರು, "ಎಷ್ಟಿತ್ತು ಸೈಜು? ಮಿಲಿಮೀಟರಲ್ಲಿ ಹೇಳು." ಹೇಳಿದೆ. "ನಾನೇ ಇನ್‌ಸ್ಪೆಕ್ಟರ್ ಆಗಿದ್ರೆ ಪಾಸ್ ಮಾಡ್ತಿದ್ದೆ," ಅಂದರು. ಹೆಂಡತಿ ಚೊಂಬುಗಳನ್ನೆಲ್ಲ ಸೂಟ್‌ಕೇಸಿಗೆ ಹಾಕಿ ಮನೆಯ ನೆಲಮಾಳಿಗೆಯ ಗೂಡಿನಲ್ಲಿ ಬೀಗ ಹಾಕಿಟ್ಟಿದ್ದರಂತೆ. "ಕೀ ಅವಳ ಹತ್ರ. ನಂಬಿಕೆ ಇಲ್ಲ ನನ್ನ ಮೇಲೆ."

ಮಂಗಳವಾರ ಗುಳ್ಳೆಯೇ ಇರಲಿಲ್ಲ. ಬುಧವಾರ, ಗುರುವಾರ, ಶುಕ್ರವಾರ ಇರಲಿಲ್ಲ. ಕೊನೆಯ ವಾರ ಒಂದು ದಿನ ಸ್ವಲ್ಪ ಕಾಣಿಸಿತು. ವಿಚಾರಿಸಿದರೆ, ಹಿಂದಿನ ದಿನ ಸಹೋದ್ಯೋಗಿಯ ಹುಟ್ಟುಹಬ್ಬಕ್ಕೆ ಮರ್ಯಾದೆಗೆ ಒಂದು ಲೋಟ ಸ್ಪ್ರೂಡೆಲ್ ಕುಡಿದಿದ್ದರು. "ಮೂವತ್ತು ವರ್ಷದ ವ್ರತ ಕೆಟ್ಟಿತು," ಎಂದು ಬಹಳ ನೊಂದುಕೊಂಡರು. ಆ ಹತ್ತೂ ದಿನ ಒಂದು ಸಲವೂ ಅವರನ್ನು ಮೇಜಿನಿಂದ ಎಬ್ಬಿಸಬೇಕಾಗಲಿಲ್ಲ. ಇಪ್ಪತ್ತನೆಯ ದಿನ ನಮ್ಮ ಭೌತವಿಜ್ಞಾನಿ ದಿನದಿನದ ಚಿತ್ರಗಳನ್ನು ಕೂಡಿಸಿ ಲೆಕ್ಕ ಮಾಡಿದ. ಮೊದಲ ಎರಡು ವಾರದ ತಾಪತ್ರಯವನ್ನೂ ಸೇರಿಸಿದರೂ ಗುದನಾಳಕ್ಕೆ ಬಿದ್ದ ವಿಕಿರಣ, ಮೊದಲ ಯೋಜನೆ ಅನುಮತಿಸಿದ್ದಕ್ಕಿಂತ ಕಡಿಮೆಯೇ ಇತ್ತು. ಹಿಗ್ಗಿಸಿದ ಯೋಜನೆಯಲ್ಲಿ ಎಷ್ಟು ಬೀಳುತ್ತಿತ್ತು ಎನ್ನುವ ಗೆರೆಯನ್ನೂ ಅದರ ಪಕ್ಕದಲ್ಲಿ ಬಿಡಿಸಿ ತೋರಿಸಿದ. ಎರಡು ಗೆರೆಗಳ ನಡುವಿನ ಜಾಗವನ್ನು ನಾನು ಬಹಳ ಹೊತ್ತು ನೋಡಿದೆ.

ಈಗ ನಮ್ಮ ವಿಭಾಗದಲ್ಲಿ ಒಂದು ಹೊಸ ಕ್ರಮವಿದೆ. ಪ್ರಾಸ್ಟೇಟ್ ಚಿಕಿತ್ಸೆಗೆ ಬರುವ ಪ್ರತಿಯೊಬ್ಬರೂ ಮೊದಲ ದಿನ ನಮ್ಮೆದುರು ಒಂದು ಲೋಟ ನೀರು ಕುಡಿದು ತೋರಿಸಬೇಕು. ಒಬ್ಬರು ಒಂದೇ ಉಸಿರಿಗೆ ಇಳಿಸುತ್ತಾರೆ, ಒಬ್ಬರು ಚ್ಯೂಯಿಂಗ್ ಗಮ್ ಬಾಯಲ್ಲಿಟ್ಟುಕೊಂಡೇ ಕುಡಿಯುತ್ತಾರೆ, ಇನ್ನೊಬ್ಬರು ಇಡೀ ಕತೆ ಹೇಳಿಕೊಂಡು ಕುಡಿಯುತ್ತಾರೆ. ಎಲ್ಲವೂ ಗಾಳಿಯೇ. ನಮಗೆ ಇಷ್ಟು ವರ್ಷ ಇದು ಗೊತ್ತಿರಲಿಲ್ಲ, ಏಕೆಂದರೆ ನಾವು ಕಾಯುವ ಕೋಣೆಗೆ ಹೋಗಿಯೇ ಇರಲಿಲ್ಲ. ಮತ್ತೆ ಮತ್ತೆ ಚಿತ್ರ ತೆಗೆಯಬೇಕಾದ ದಿನಗಳು ಕಡಿಮೆಯಾಗಿವೆ. ಸಭೆಯಲ್ಲಿ ಡಾಕ್ಟರ್ ಈಗ ಆಗಾಗ ನನ್ನ ಕಡೆ ತಿರುಗಿ, "ನೀನು ನೋಡಿದೆಯಾ?" ಎಂದು ಕೇಳುತ್ತಾರೆ. ನಾನು ಉತ್ತರ ಕೊಡುತ್ತೇನೆ.

ಒಂದು ವರ್ಷದ ತಪಾಸಣೆಗೆ ಮೈಸೂರಿನವರು ಬಂದರು. ರಕ್ತಪರೀಕ್ಷೆ ಚೆನ್ನಾಗಿತ್ತು. ಅಡ್ಡಪರಿಣಾಮಗಳ ಪ್ರಶ್ನೆಗಳನ್ನು ಕನ್ನಡದಲ್ಲೇ ಕೇಳಿ ತುಂಬಿಸಲು ಡಾಕ್ಟರ್ ನನ್ನನ್ನು ಕರೆಸಿದರು. ಪ್ರತಿ ಪ್ರಶ್ನೆಗೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚು.

"ಮಲದಲ್ಲಿ ರಕ್ತ?"

"ಇಲ್ಲ."

"ತಡೆಯಕ್ಕಾಗದಷ್ಟು ಅವಸರ?"

"ಇಲ್ಲ."

"ನೋವು?"

"ಇಲ್ಲಮ್ಮ."

"ಆಚೆ ಹೋಗಕ್ಕೆ ಹೆದರಿಕೆ? ಟಾಯ್ಲೆಟ್ ಎಲ್ಲಿದೆ ಅಂತ ಮೊದ್ಲೇ ನೋಡ್ಕೊಂಡು ಹೊರಡೋದು?"

ಈ ಪ್ರಶ್ನೆಯನ್ನು ಓದುವಾಗ ಅಣ್ಣನ ಇಪ್ಪತ್ತು ಹೆಜ್ಜೆ ನೆನಪಾಯಿತು. ಅವರು ಕುರ್ಚಿಯಲ್ಲಿ ಅಸಹನೆಯಿಂದ ಮಿಸುಕಾಡಿದರು.

"ಏನಮ್ಮ ಇದು, ಎಲ್ಲದಕ್ಕೂ ಇಲ್ಲ ಇಲ್ಲ ಅಂತ ಹೇಳಿ ಬೇಜಾರಾಗೋಯ್ತು. ರಜ ಹಾಕಿ ಬಂದಿದೀನಿ. ಹೇಳ್ಕೊಳಕ್ಕೆ ಒಂದಾದ್ರೂ ಬೇಡ್ವಾ?"

"ಬೇಡ ಸರ್," ಎಂದೆ. "ಒಂದೂ ಬೇಡ."

ಉಳಿದ ನಾಲ್ಕು ಪ್ರಶ್ನೆಗಳನ್ನೂ ಬಿಡದೆ ಕೇಳಿದೆ. ಎಂಟು ಪ್ರಶ್ನೆ, ಎಂಟು ಸೊನ್ನೆ. ಕೆಳಗೆ ತಾರೀಖು ಬರೆದು, ನನ್ನ ಪೂರ್ತಿ ಹೆಸರಿನಲ್ಲಿ ಸಹಿ ಮಾಡಿದೆ.